ಸೈಕ್ ಬೆಟ್ಟದ ಚಿಪ್ಪು

ಸಂಪಾದಕರು ಪ್ರತಿ ವರ್ಷ ನಮ್ಮಿಂದ ಒಂದು ಲೇಖನ ಕೇಳುತ್ತಾರೆ. ನಾವೂ ಪ್ರತಿ ವರ್ಷ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಎಂದು ಏನಾದರೊಂದು ಬರೆದು ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಓದಿದ ಬಂಧುಗಳು ಮುಂದಿನ ಸಮಾರಂಭದಲ್ಲಿ ಎದುರಾದಾಗ "ಡಾಕ್ಟ್ರೇ, ಲೇಖನ ತುಂಬ ಉಪಯುಕ್ತವಾಗಿತ್ತು" ಎನ್ನುತ್ತಲೇ ಎಲೆಗೆ ಎರಡನೆಯ ಹೋಳಿಗೆ ಹಾಕಿಸಿಕೊಳ್ಳುತ್ತಾರೆ! ಆದ್ದರಿಂದ ಈ ಸಲ ಆರೋಗ್ಯದ ಉಪದೇಶ ಬೇಡ. ಬೇರೊಂದು ವಿಷಯ ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ, ಅದನ್ನೇ ಬರೆಯುತ್ತೇವೆ.

ಕಳೆದ ಚಳಿಗಾಲದಲ್ಲಿ ನಮ್ಮ ಸಂಘದ ಕೆಲವು ಕುಟುಂಬಗಳು ಜಬಲ್ ಅಖ್ದರ್‌ಗೆ ಪಿಕ್ನಿಕ್ ಹೋಗಿದ್ದೆವು. ಬಿರ್ಕತ್ ಅಲ್ ಮೌಜ್ ದಾಟಿದ ಮೇಲೆ ಪೊಲೀಸ್ ತಪಾಸಣೆ, ಫೋರ್‌ವೀಲ್ ಗಾಡಿಗಳಿಗೆ ಮಾತ್ರ ಪ್ರವೇಶ, ಆಮೇಲೆ ತಿರುವು ತಿರುವಾಗಿ ಏರುವ ರಸ್ತೆ. ಸಮುದ್ರ ಮಟ್ಟದಿಂದ ಸುಮಾರು 2000 ಮೀಟರ್ ಎತ್ತರದ ಸೈಕ್ ಪ್ರಸ್ಥಭೂಮಿಯಲ್ಲಿ ಜಮಖಾನ ಹಾಸಿ ಬುತ್ತಿ ಬಿಚ್ಚುತ್ತಿದ್ದಾಗ ಮಕ್ಕಳು ಗುಂಪಾಗಿ ಕೂಗಿದರು. ಬಂಡೆಯೊಳಗೆ ಚಿಪ್ಪು! ಮಲ್ಪೆ, ಪಣಂಬೂರಿನ ಮರಳಿನಲ್ಲಿ ಸಿಗುವಂಥ ಗೆರೆ ಗೆರೆಯ ಚಿಪ್ಪು, ಕಲ್ಲಿನಲ್ಲಿ ಕಲ್ಲಾಗಿ ಕೂತಿತ್ತು. ಹತ್ತನೆಯ ತರಗತಿಯ ಒಬ್ಬ ಹುಡುಗಿ ನೇರವಾಗಿ ನಮ್ಮನ್ನೇ ಕೇಳಿದಳು: "ಅಂಕಲ್, ನೀವು ಚರ್ಚಿಗೂ ಹೋಗ್ತೀರಿ, ಡಾಕ್ಟರೂ ಹೌದು. ಇದು ನೋಹನ ಪ್ರಳಯದಲ್ಲಿ ಬಂದದ್ದಾ, ಅಥವಾ ವಿಕಾಸವಾದ ಅಂತಾರಲ್ಲ, ಅದು ನಿಜವಾ?"

ದೊಡ್ಡವರೆಲ್ಲ ಸುಮ್ಮನಾದರು. ನಾವು ಏನು ಹೇಳಿದೆವು ಗೊತ್ತೇ? "ಬನ್ನಿ ಬನ್ನಿ, ಬಿಸಿಬೇಳೆಬಾತ್ ಆರಿಹೋಗುತ್ತೆ" ಎಂದೆವು. ಮಕ್ಕಳು ನಕ್ಕು ಓಡಿದರು. ನಮಗೆ ಮಾತ್ರ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಏಕೆಂದರೆ ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರವಿತ್ತು. ಇದೇ ಬೆಟ್ಟದ ಮೇಲೆ, ಇನ್ನೊಬ್ಬರ ಬಾಯಿಂದ, ಕೆಲವು ವರ್ಷಗಳ ಹಿಂದೆಯೇ ಅದು ಸಿಕ್ಕಿತ್ತು.

ನಮ್ಮದು ಮಂಗಳೂರಿನ ಬಾಸೆಲ್ ಮಿಷನ್ ಪರಂಪರೆಯ ಮನೆತನ. ಹರ್ಮನ್ ಮೊಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ್ದು, ಕಿಟ್ಟೆಲರ ನಿಘಂಟು 1894ರಲ್ಲಿ ಬಂದದ್ದು, ಇವೆಲ್ಲ ನಿಮಗೆ ಗೊತ್ತಿರುವ ಸಂಗತಿ. ಅದೇ ಮಿಷನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆಮೇಲೆ ಊರಿನಲ್ಲಿ ಅಂಥ ಕಾರ್ಖಾನೆಗಳು ಸಾಲುಸಾಲಾಗಿ ಎದ್ದವು. ನಮ್ಮ ತಂದೆಯವರು ಅಂಥ ಒಂದು ಕಾರ್ಖಾನೆಯಲ್ಲಿ ಮಣ್ಣು ಪರೀಕ್ಷಿಸಿ ತೆಗೆದುಕೊಳ್ಳುವ ಕೆಲಸದಲ್ಲಿ ಇಡೀ ಆಯುಷ್ಯ ಕಳೆದವರು. ಬೆಳಿಗ್ಗೆ ಸತ್ಯವೇದ, ಹಗಲು ನೇತ್ರಾವತಿಯ ಜೇಡಿಮಣ್ಣು, ಸಂಜೆ ಮತ್ತೆ ಸತ್ಯವೇದ. ಮನೆಯಲ್ಲಿ ಹಳೆಯ ಇಂಗ್ಲಿಷ್ ಬೈಬಲ್ ಕೂಡ ಇತ್ತು. ಅದರ ಆದಿಕಾಂಡದ ಮೊದಲ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 'ಕ್ರಿ. ಪೂ. 4004' ಎಂದು ಅಚ್ಚಾಗಿತ್ತು. ಲೋಕ ಹುಟ್ಟಿದ ವರ್ಷ! ಅದು ದೇವರ ವಾಕ್ಯವೇ ಎಂದು ನಾವು ಬಹಳ ಕಾಲ ತಿಳಿದಿದ್ದೆವು.

ಏಳನೆಯ ತರಗತಿಯಲ್ಲಿ ಶಾಲೆಯ ಲೈಬ್ರರಿಯಿಂದ ಶಿವರಾಮ ಕಾರಂತರ 'ಬಾಲ ಪ್ರಪಂಚ' ತಂದು ಓದತೊಡಗಿದೆವು. ನಮ್ಮ ಜಿಲ್ಲೆಯವರೇ ಆದ ಕಾರಂತರು ಒಂಟಿಯಾಗಿ ಕೂತು ಮಕ್ಕಳಿಗಾಗಿ ಬರೆದ ಆ ಸಂಪುಟಗಳಲ್ಲಿ ಭೂಮಿಯ ಕಥೆ, ಪ್ರಾಣಿಗಳ ಕಥೆ, ನಕ್ಷತ್ರಗಳ ಕಥೆ ಎಲ್ಲವೂ ಇತ್ತು. ಅಪ್ಪ ಪುಸ್ತಕ ಕೈಗೆತ್ತಿಕೊಂಡು ಎರಡು ಪುಟ ತಿರುವಿ ಹಾಕಿ ವಾಪಸು ಕೊಟ್ಟರು. "ಓದು. ಆದ್ರೆ ನಂಬಬೇಡ" ಅಂದರು. ಅಷ್ಟೇ.

ಬಂಧುಗಳೇ, ಆ ಒಂದು ಮಾತಿನ ಮೇಲೆ ನಾವು ಇಡೀ ಎಂ.ಬಿ.ಬಿ.ಎಸ್. ಮುಗಿಸಿದೆವು. ತಲೆಯಲ್ಲಿ ಎರಡು ಡ್ರಾಯರ್ ಮಾಡಿಕೊಂಡೆವು. ಒಂದರಲ್ಲಿ ಪರೀಕ್ಷೆಗೆ ಬೇಕಾದ ವಿಜ್ಞಾನ, ಇನ್ನೊಂದರಲ್ಲಿ ಭಾನುವಾರದ ನಂಬಿಕೆ. ಭ್ರೂಣಶಾಸ್ತ್ರದಲ್ಲಿ ಮನುಷ್ಯ ಶಿಶುವಿಗೂ ಒಂದು ಹಂತದಲ್ಲಿ ಬಾಲವಿರುತ್ತದೆಂದು ಬರೆದು ಅಂಕ ತೆಗೆದೆವು. ಏಕೆ ಇರುತ್ತದೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಲಿಲ್ಲ. ಕೇಳಿದರೆ ಎರಡು ಡ್ರಾಯರೂ ಒಟ್ಟಿಗೆ ತೆರೆಯಬೇಕಾಗುತ್ತಿತ್ತು.

ರೆಸಿಡೆನ್ಸಿಗೆ ಅಮೆರಿಕಕ್ಕೆ ಹೋದದ್ದು 1990ರ ದಶಕದ ಕೊನೆಯಲ್ಲಿ. ಹಿಮದ ಊರು, ಮೂವತ್ತಾರು ಗಂಟೆಯ ಡ್ಯೂಟಿ, ಮನೆಯಲ್ಲಿ ಹೊಸ ಹೆಂಡತಿ. ಪಕ್ಕದ ಬೀದಿಯ ಚರ್ಚಿನವರು ನಮಗೆ ಕೋಟು ಕೊಟ್ಟರು, ಹಳೆಯ ಮಂಚ ಕೊಟ್ಟರು, ಮನೆಯವರಿಗೆ ಜ್ವರ ಬಂದಾಗ ಸೂಪು ತಂದುಕೊಟ್ಟರು. ಅಂಥವರ ನಡುವೆ ಒಂದು ಸಂಜೆ ಹೊರಗಿನಿಂದ ಬಂದ ಉಪನ್ಯಾಸಕರೊಬ್ಬರು ಸ್ಲೈಡ್ ತೋರಿಸಿ ಮಾತಾಡಿದರು. ಭೂಮಿಗೆ 6 ಸಾವಿರ ವರ್ಷ, ಪಳೆಯುಳಿಕೆಗಳೆಲ್ಲ ಒಂದೇ ಪ್ರಳಯದವು, ಡಾರ್ವಿನ್‌ನನ್ನು ಒಪ್ಪಿದವರಿಗೆ ಕ್ರಿಸ್ತನಿಲ್ಲ ಎಂಬುದು ಸಾರಾಂಶ. ನಾವು ಚಪ್ಪಾಳೆ ತಟ್ಟಿ ಕ್ಯಾಸೆಟ್ ಸೆಟ್ ಕೊಂಡು ತಂದೆವು. ಇಂದು ಯೋಚಿಸಿದರೆ ನಮ್ಮನ್ನು ಒಪ್ಪಿಸಿದ್ದು ಸ್ಲೈಡಿನ ಪುರಾವೆಯಲ್ಲ, ಸೂಪಿನ ಋಣ. ನಂಬಿಕೆಗಳು ಬಹಳ ಸಲ ಹೀಗೆಯೇ ಬರುತ್ತವೆ. ಪ್ರೀತಿಸಿದವರು ಏನು ನಂಬುತ್ತಾರೋ ಅದನ್ನು ಬಿಟ್ಟರೆ ಅವರನ್ನೇ ಬಿಟ್ಟಂತೆ ಅನಿಸುತ್ತದೆ.

ಆಮೇಲೆ ಓದಿ ತಿಳಿದದ್ದು ಬೇರೆ. ಆ 4004 ಎಂಬ ಲೆಕ್ಕ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಪ್ರಕಟಿಸಿದ್ದು. ಇಂಗ್ಲಿಷ್ ಬೈಬಲಿನ ಅಂಚಿಗೆ ಅದು ಬಂದದ್ದು 1701ರಿಂದ. ಅಂದರೆ ಸಂಖ್ಯೆ ಇದ್ದದ್ದು ವಾಕ್ಯದಲ್ಲಲ್ಲ, ಅಂಚಿನಲ್ಲಿ! 'ಎಲ್ಲ ಪದರಗಳೂ ಪ್ರಳಯದವು' ಎಂಬ ವಾದ ಇಂದಿನ ರೂಪದಲ್ಲಿ ಅಮೆರಿಕದಲ್ಲಿ ಹಬ್ಬಿದ್ದು 1961ರಲ್ಲಿ ವಿಟ್‌ಕಾಂಬ್ ಮತ್ತು ಮಾರಿಸ್ ಎಂಬಿಬ್ಬರು ಬರೆದ ಪುಸ್ತಕದ ನಂತರ. ನಾವು 'ಅಜ್ಜನ ಕಾಲದ ನಂಬಿಕೆ' ಎಂದುಕೊಂಡದ್ದು ನಮಗಿಂತ ಹತ್ತಿಪ್ಪತ್ತು ವರ್ಷಕ್ಕಷ್ಟೇ ಹಿರಿಯದು. ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲಿ ಲೆಕ್ಕ ಹಾಕಿದ ಲೆಮೈತ್ರ್ ಕಥೋಲಿಕ ಪಾದ್ರಿ. ಇವರ ತಲೆಯಲ್ಲಿ ಎರಡು ಡ್ರಾಯರ್ ಇರಲಿಲ್ಲ.

ಒಮಾನಿಗೆ ಬಂದದ್ದು 2003ರಲ್ಲಿ, ಒಳನಾಡಿನ ಒಂದು ಆಸ್ಪತ್ರೆಗೆ ಮಕ್ಕಳ ವೈದ್ಯರಾಗಿ. ಇಲ್ಲಿ ಬಂದ ಮೇಲೆ ನಾವು ಪುಸ್ತಕದಲ್ಲಷ್ಟೇ ಹೆಚ್ಚಾಗಿ ಕಂಡಿದ್ದ ಒಂದು ಕಾಯಿಲೆ ದಿನನಿತ್ಯದ್ದಾಯಿತು. ಸಿಕಲ್ ಸೆಲ್. ರಕ್ತದ ಕೆಂಪುಕಣ ದುಂಡಗಿರುವ ಬದಲು ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ಮಗು ಮೂಳೆ ನೋವಿನಿಂದ ರಾತ್ರಿಯಿಡೀ ಚೀರುತ್ತದೆ. ಒಮಾನಿನಲ್ಲಿ ಸುಮಾರು 100ಕ್ಕೆ 6 ಜನ ಇದರ ಒಂದು ಪ್ರತಿಯನ್ನು ರಕ್ತದಲ್ಲಿ ಹೊತ್ತಿರುತ್ತಾರೆ. ಅವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ತಂದೆ ತಾಯಿ ಇಬ್ಬರೂ ಹೊತ್ತವರಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ.

ಬಂದ ಎರಡನೆಯ ವರ್ಷ ಒಬ್ಬ ಚಿಕ್ಕ ವಯಸ್ಸಿನ ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು, ನರ್ಸ್ ಅನುವಾದಿಸಿದರು: "ಡಾಕ್ಟರ್, ನಾನು ಏನು ಪಾಪ ಮಾಡಿದೆ? ಈ ಮಗುವಿಗೆ ಯಾಕೆ?" ನಮ್ಮ ಎರಡನೆಯ ಡ್ರಾಯರಿನಲ್ಲಿ ಇದಕ್ಕೆ ಸಿದ್ಧ ಉತ್ತರವಿತ್ತು. ಲೋಕ ಪಾಪದಲ್ಲಿ ಬಿದ್ದಾಗ ರೋಗವೂ ಬಂತು ಎಂದು ನಮಗೆ ಕಲಿಸಿದ್ದರು. ಅದನ್ನೇ ಆಕೆಯ ಭಾಷೆಗೆ ಹೊಂದಿಸಿ "ಎಲ್ಲ ದೇವರ ಇಚ್ಛೆ" ಎಂದೆವು. ಆಕೆ ತಲೆ ತಗ್ಗಿಸಿ ಹೋದಳು. ದೋಷ ಅವಳ ರಕ್ತದ್ದು ಎಂದು ಗಂಡನ ಮನೆಯಲ್ಲಿ ಮಾತಾಡುತ್ತಿದ್ದರೆಂದು ಆಮೇಲೆ ನರ್ಸಿನಿಂದ ತಿಳಿಯಿತು. ನಮ್ಮ ದೈವಭಕ್ತಿಯ ಮಾತು ಆ ಹೊರೆಯ ಮೇಲೆ ಇನ್ನೊಂದು ಕಲ್ಲು ಇಟ್ಟಿತ್ತು. ಅದನ್ನು ಇಂದಿಗೂ ಮರೆತಿಲ್ಲ.

ಉತ್ತರ ಇದ್ದದ್ದು ನಾವು ಮುಚ್ಚಿಟ್ಟಿದ್ದ ಡ್ರಾಯರಿನಲ್ಲಿ. ಮಲೇರಿಯಾ ಇರುವಲ್ಲಿ ಇಂಥ ರಕ್ತದೋಷಗಳು ಜೀವ ಉಳಿಸುತ್ತಿರಬಹುದೆಂದು ಜೆ. ಬಿ. ಎಸ್. ಹಾಲ್ಡೇನ್ 1949ರಲ್ಲೇ ಊಹಿಸಿದ್ದರು. ಇವರೇ ಮುಂದೆ ಭಾರತಕ್ಕೆ ಬಂದು ನೆಲೆಸಿ ಭುವನೇಶ್ವರದಲ್ಲಿ ತೀರಿಕೊಂಡವರು. 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ಸಿಕಲ್ ಸೆಲ್‌ನ ವಿಷಯದಲ್ಲಿ ಅದನ್ನು ತೋರಿಸಿಕೊಟ್ಟರು. ಒಂದೇ ಪ್ರತಿ ಹೊತ್ತ ಮಗುವನ್ನು ಮಲೇರಿಯಾ ಅಷ್ಟು ಸುಲಭವಾಗಿ ಕೊಲ್ಲಲಾರದು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಆ ಗುಣ ಉಳಿದು ಹೆಚ್ಚಿತು. ಇದೇ ಪ್ರಕೃತಿಯ ಆಯ್ಕೆ, ಅಂದರೆ ಡಾರ್ವಿನ್ ಹೇಳಿದ್ದು. ಒಮಾನಿನಲ್ಲಿ 1990ರಲ್ಲಿ ಕೂಡ 30 ಸಾವಿರಕ್ಕೂ ಹೆಚ್ಚು ಮಲೇರಿಯಾ ಪ್ರಕರಣಗಳಿದ್ದವು. ಸರ್ಕಾರ 1991ರಿಂದ ಬೆನ್ನುಹತ್ತಿ ಅದನ್ನು ಹಿಮ್ಮೆಟ್ಟಿಸಿತು. ಜ್ವರ ಹೋಯಿತು, ಜ್ವರಕ್ಕೆ ಕೊಟ್ಟ ಬೆಲೆ ಮಾತ್ರ ರಕ್ತದಲ್ಲಿ ಉಳಿಯಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೇ ಕಾಯಿಲೆ. ಡಾ. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿ ಇದರ ಬಗ್ಗೆ ವರ್ಷಗಳಿಂದ ಕೆಲಸ ಮಾಡಿದೆ. ಅರಬ್ಬೀ ಸಮುದ್ರದ ಎರಡು ದಡದ ಮಕ್ಕಳಿಗೆ ಒಂದೇ ಕಥೆ.

ಮುಂದೆ ಇನ್ನೊಬ್ಬ ತಾಯಿ ಅದೇ ಪ್ರಶ್ನೆ ಕೇಳಿದಾಗ ಗಂಡ, ಅತ್ತೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದೆವು: "ಇದು ಶಾಪವಲ್ಲ. ಇದು ಇಬ್ಬರ ಮನೆಯಿಂದಲೂ ಬಂದದ್ದು. ನಿಮ್ಮ ಮುತ್ತಜ್ಜಿಯರು ಜ್ವರದ ಕಾಲದಲ್ಲಿ ಬದುಕಿ ಉಳಿದದ್ದೇ ಬಹುಶಃ ಇದರಿಂದ. ಅವರನ್ನು ಉಳಿಸಿದ್ದು ಈ ಮಗುವಿಗೆ ಎರಡು ಪಾಲಾಗಿ ಬಂದಿದೆ." ಅತ್ತೆ ಬಹಳ ಹೊತ್ತು ಸೊಸೆಯ ಮುಖ ನೋಡಿದರು, ಆಮೇಲೆ ಮಗುವನ್ನು ತಾವೇ ಎತ್ತಿಕೊಂಡರು. ಆ ದಿನ ನಮಗೆ ಹೊಳೆಯಿತು: ಕ್ರಿಸ್ತನ ಕರುಣೆಯ ಮಾತು ಯಾವ ಡ್ರಾಯರಿನಿಂದ ಬಂತು?

ಆದರೂ ಮನೆಯಲ್ಲಿ ಧೈರ್ಯ ಸಾಲಲಿಲ್ಲ. ಮಗಳಿಗೆ ಜೀವಶಾಸ್ತ್ರ ಹೇಳಿಕೊಡುವಾಗ ಒಂದು ಮಾತು, ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇನ್ನೊಂದು ಮಾತು. 2019ರ ಡಿಸೆಂಬರಿನಲ್ಲಿ ಅಪ್ಪ ಮಸ್ಕತ್ತಿಗೆ ಬಂದರು. ಮಗಳು ಆಗ ಹನ್ನೆರಡನೆಯ ತರಗತಿ. ಒಂದು ಸಂಜೆ ಪ್ರಾರ್ಥನೆಯಲ್ಲಿ ಅಜ್ಜ ಆದಿಕಾಂಡದ ಮೊದಲ ಅಧ್ಯಾಯ ಓದಿ, ಲೋಕ ಆರೇ ದಿನದಲ್ಲಿ ಆದದ್ದು, ಶಾಲೆಯಲ್ಲಿ ಏನೇ ಕಲಿಸಲಿ ಎಂದರು. ಅವಳು "ಅಜ್ಜ, ಇದೆಲ್ಲ ಸುಳ್ಳು ಕಥೆ" ಎಂದುಬಿಟ್ಟಳು. ಎಂಬತ್ತು ದಾಟಿದ ಮುದುಕರು ಪುಸ್ತಕ ಮುಚ್ಚಿ ಊಟ ಮಾಡದೆ ಮಲಗಿದರು. ಎರಡು ದಿನ ಅಜ್ಜ ಮೊಮ್ಮಗಳಿಗೆ ಮಾತಿಲ್ಲ. ಮನೆಯವರು ನಮಗೆ ಹೇಳಿದ್ದು: "ಇಬ್ಬರಿಗೂ ಒಂದೊಂದು ಹೇಳ್ತಾ ಬಂದವರು ನೀವು. ಈಗ ನೀವೇ ಸರಿ ಮಾಡಿ."

ಆ ಶುಕ್ರವಾರ ರುವಿಯಲ್ಲಿ ಆರಾಧನೆ ಮುಗಿಸಿ ಎಲ್ಲರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಸೈಕ್‌ಗೆ ಹೊರಟೆವು. ಜೊತೆಗೆ ನಮ್ಮ ಸಂಘದ ಒಬ್ಬ ಹಿರಿಯ ಮಿತ್ರರು, ಧಾರವಾಡದಲ್ಲಿ ಭೂವಿಜ್ಞಾನ ಓದಿ ಇಲ್ಲಿ ತೈಲದ ಕೆಲಸದಲ್ಲಿದ್ದವರು. ದಾರಿಯಲ್ಲಿ ಎರಡೂ ಕಡೆಯ ಕಪ್ಪು ಬೆಟ್ಟ ತೋರಿಸಿ, ಇವು ಸಮುದ್ರದ ತಳದ ಕಲ್ಲು, ಸುಮಾರು 9.5 ಕೋಟಿ ವರ್ಷದ ಹಿಂದೆ ಆದದ್ದು, ನೆಲದ ಮೇಲೆ ತಳ್ಳಿಕೊಂಡು ಬಂದು ಕೂತಿವೆ, ನೋಡಲು ಲೋಕದ ನಾನಾ ಮೂಲೆಯ ವಿಜ್ಞಾನಿಗಳು ಬರುತ್ತಾರೆ ಎಂದರು. "ಅಷ್ಟು ವರ್ಷ ಅಂತ ಹೇಗೆ ಗೊತ್ತು?" ಎಂದು ಅಪ್ಪ ಕೇಳಿದರು. ಕಲ್ಲಿನ ಹರಳಿನಲ್ಲಿರುವ ಯುರೇನಿಯಂ ಒಂದು ಗೊತ್ತಾದ ಗತಿಯಲ್ಲಿ ಸೀಸವಾಗುತ್ತದೆ ಎಂದರು ಮಿತ್ರರು. ನಾವು ಒಳಗೊಳಗೇ ನಾಚಿದೆವು. ಆಸ್ಪತ್ರೆಯ ಸ್ಕ್ಯಾನಿಗೆ ಕೊಡುವ ವಿಕಿರಣ ವಸ್ತುವಿನ ಅರ್ಧಾಯುಷ್ಯವನ್ನು ನಂಬಿ ರೋಗಿಯ ನರಕ್ಕೆ ಚುಚ್ಚುತ್ತೇವೆ. ಅದೇ ಭೌತಶಾಸ್ತ್ರ ಕಲ್ಲಿಗೆ ಬಂದರೆ ಏಕೆ ನಂಬಬಾರದು?

ಒಮಾನಿನ ನೆಲದಡಿಯ ಉಪ್ಪಿನ ಮಾತೂ ಬಂತು. ಇಲ್ಲಿನ ತೈಲದ ಬಾವಿಗಳು ಕೊರೆಯುವ ಆಳದಲ್ಲಿ ಸುಮಾರು 54 ಕೋಟಿ ವರ್ಷ ಹಳೆಯ ಉಪ್ಪಿನ ದಪ್ಪ ಪದರಗಳಿವೆ, ನಡುನಡುವೆ ಸುಣ್ಣಕಲ್ಲು. ಸಮುದ್ರದ ನೀರು ಬಿಸಿಲಿಗೆ ಒಣಗಿದರೆ ಮಾತ್ರ ಅಂಥ ಪದರ ಕೂರುತ್ತದೆ, ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರದಲ್ಲಿ ಕೂರುವ ಹಾಗೆ. ಮಿತ್ರರು ನಮ್ಮ ಕಡೆ ತಿರುಗಿ "ಪ್ರಳಯದ ನೀರಾಗ ಉಪ್ಪು ಒಣಗತೈತೇನ್ರಿ ಡಾಕ್ಟರ್ರೇ?" ಅಂದರು. ನಾವು ಅಪ್ಪನ ಮುಖ ನೋಡಿದೆವು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಮೇಲೆ ಹೋದ ಮೇಲೆ ಮಗಳೇ ಅಜ್ಜನ ಕೈ ಹಿಡಿದು ಬಂಡೆಯ ಹತ್ತಿರ ಕರೆದುಕೊಂಡು ಹೋದಳು. ಕಣ್ಣು ಮಂಜಾಗಿತ್ತು, ಆದ್ದರಿಂದ ಅಪ್ಪ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ಚಿಪ್ಪಿನ ಗೆರೆ ತಡವಿದರು. ಆಮೇಲೆ ಪಕ್ಕದ ಪದರ, ಅದರ ಕೆಳಗಿನ ಪದರ. ನಲವತ್ತು ವರ್ಷ ಹೆಂಚಿನ ಮಣ್ಣು ಮುಟ್ಟಿ ನೋಡಿದ ಬೆರಳು ಅದು. ಬಹಳ ಹೊತ್ತಿನ ಮೇಲೆ ಮೊಮ್ಮಗಳಿಗೆ ಹೇಳಿದರು:

"1974ರಲ್ಲಿ ನೇತ್ರಾವತಿಗೆ ದೊಡ್ಡ ನೆರೆ ಬಂದಿತ್ತು ಮಗಾ. ನೆರೆ ಇಳಿದ ಮೇಲೆ ಮಣ್ಣು ನೋಡ್ಲಿಕ್ಕೆ ಹೋಗಿದ್ದೆ. ಮರ, ಕಲ್ಲು, ಸತ್ತ ದನ, ಮರಳು ಎಲ್ಲ ಕಲಸಿ ಹೋಗಿತ್ತು. ನೆರೆ ಬಂದ್ರೆ ಹಾಗೆಯೇ. ಇಲ್ಲಿ ಹಾಗಿಲ್ಲ. ಇದು ನಿಧಾನಕ್ಕೆ ಕೂತ ಮಣ್ಣು. ಇದು ನೆರೆಯ ಕೆಲಸ ಅಲ್ಲ."

ಯಾರೂ ಮಾತಾಡಲಿಲ್ಲ. ಅಪ್ಪನೇ ಮತ್ತೆ ಅಂದರು: "ದೇವರಿಗೆ ನಮ್ಮಷ್ಟು ಅವಸರ ಇಲ್ಲ ಅಂತ ಆಯ್ತು." ಸ್ವಲ್ಪ ತಡೆದು, "ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಅಂತ ಯೋಬನಿಗೆ ದೇವರು ಕೇಳ್ತಾನಲ್ಲ. ಯೋಬ ಸುಮ್ಮನಿದ್ದ. ನಾನು ಮಾತ್ರ ಇಷ್ಟು ವರ್ಷ ಉತ್ತರ ಗೊತ್ತಿದ್ದವನ ಹಾಗೆ ಮಾತಾಡಿದೆ."

ಮಗಳು ಅತ್ತಳು. "ಸುಳ್ಳು ಅಂದದ್ದು ತಪ್ಪಾಯ್ತು ಅಜ್ಜ" ಅಂದಳು. "ಸುಳ್ಳಲ್ಲ ಮಗಾ, ಆದರೆ ಮಣ್ಣಿನ ಪುಸ್ತಕವೂ ಅಲ್ಲ" ಅಂದರು ಅಪ್ಪ. ಆ ರಾತ್ರಿ ಮನೆಯಲ್ಲಿ ಮತ್ತೆ ಆದಿಕಾಂಡವನ್ನೇ ಓದಿದರು, ಮೊಮ್ಮಗಳ ಕೈಯಲ್ಲೇ ಓದಿಸಿದರು. ಫೆಬ್ರವರಿಯಲ್ಲಿ ಊರಿಗೆ ಹೋದರು. ಆಮೇಲೆ ಕೊರೋನಾ ಬಂತು. 2021ರಲ್ಲಿ ತೀರಿಕೊಂಡಾಗ ನಾವು ವಿಮಾನವಿಲ್ಲದೆ ಇಲ್ಲೇ ಉಳಿದೆವು, ಫೋನಿನಲ್ಲಿ ಶವಸಂಸ್ಕಾರ ನೋಡಿದೆವು. ಆದರೆ ಆ ಬೆಟ್ಟದ ದಿನ ಸಿಗದೆ ಹೋಗಿದ್ದರೆ ಅಜ್ಜ ಮೊಮ್ಮಗಳ ನಡುವೆ ಉಳಿಯುತ್ತಿದ್ದ ಕೊನೆಯ ಮಾತು ಯಾವುದು ಎಂದು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಅದು ನಮ್ಮ ಎರಡು ಡ್ರಾಯರಿನ ಫಲವಾಗುತ್ತಿತ್ತು.

ಇದು ಕ್ರೈಸ್ತರ ಮನೆಯ ಗಲಾಟೆ, ನಮಗೇನು ಎಂದು ಯಾರೂ ಪುಟ ತಿರುಗಿಸಬೇಡಿ. ಪ್ರಳಯದ ಕಥೆ ಮನುವಿಗೂ ಇದೆ, ನಮಗೆ ಆಶ್ರಯ ಕೊಟ್ಟ ಈ ನಾಡಿನವರ ನೂಹ್‌ಗೂ ಇದೆ. ಮಂಗ ಮನುಷ್ಯನಾದದ್ದನ್ನು ನಮ್ಮ ಪೂರ್ವಜರು ಯಾರೂ ನೋಡಿಲ್ಲ, ಆದ್ದರಿಂದ ಡಾರ್ವಿನ್ ತಪ್ಪು ಎಂದು 2018ರಲ್ಲಿ ದೆಹಲಿಯ ಒಬ್ಬ ರಾಜ್ಯ ಸಚಿವರೇ ಹೇಳಿದ್ದರು, ಅವರು ಕ್ರೈಸ್ತರಲ್ಲ. ನಮ್ಮ ಮಕ್ಕಳು ಇಲ್ಲಿನ ಭಾರತೀಯ ಶಾಲೆಗಳಲ್ಲಿ ಓದುವುದು ಸಿ.ಬಿ.ಎಸ್.ಇ. ಪಠ್ಯ. ಅದರ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ವಿಕಾಸ' ಎಂದಿದ್ದ ಅಧ್ಯಾಯ 2023ರ ಪುಸ್ತಕದಲ್ಲಿ 'ಅನುವಂಶೀಯತೆ' ಮಾತ್ರವಾಯಿತು. 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಅದನ್ನು ವಿರೋಧಿಸಿದರು. ವಿಕಾಸದ ಪಾಠ ಹನ್ನೆರಡನೆಯ ಜೀವಶಾಸ್ತ್ರದಲ್ಲಿ ಉಳಿಯಿತು. ಆದರೆ ಕಾಮರ್ಸ್, ಕಂಪ್ಯೂಟರ್ ಎಂದು ಹೋದ ಮಗು ಅದನ್ನು ಶಾಲೆಯಲ್ಲಿ ಕೇಳುವುದೇ ಇಲ್ಲ. ಶಾಲೆ ಹೇಳದೆ, ದೇವಾಲಯ ಹೇಳದೆ, ಡಾಕ್ಟರೂ ಬಿಸಿಬೇಳೆಬಾತ್ ತೋರಿಸಿದರೆ ಮಕ್ಕಳು ಯಾರನ್ನು ಕೇಳಬೇಕು?

ಸುಮಾರು 1600 ವರ್ಷದ ಹಿಂದೆ ಸಂತ ಅಗಸ್ಟೀನ್ ಆದಿಕಾಂಡದ ಮೇಲೆ ಬರೆಯುತ್ತ ತನ್ನವರನ್ನು ಎಚ್ಚರಿಸಿದ್ದ. ಆಕಾಶ, ಭೂಮಿ, ಪ್ರಾಣಿಗಳ ವಿಷಯ ತಿಳಿದವರ ಮುಂದೆ ಕ್ರೈಸ್ತನೊಬ್ಬ ಧರ್ಮಗ್ರಂಥದ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ, ಕೇಳಿದವರು ಗ್ರಂಥವನ್ನೇ ನಗುತ್ತಾರೆ ಎಂಬುದು ಅವನ ಅಭಿಪ್ರಾಯ. ಅಪ್ಪ ಅಗಸ್ಟೀನನನ್ನು ಓದಿದವರಲ್ಲ. ಮಣ್ಣು ಮುಟ್ಟಿ ಅಲ್ಲಿಗೇ ಬಂದರು.

ನಾವು ಇಂದಿಗೂ ಶುಕ್ರವಾರ ಚರ್ಚಿಗೆ ಹೋಗುತ್ತೇವೆ, ರೋಗಿಯ ಹಾಸಿಗೆಯ ಬಳಿ ಮನಸ್ಸಿನಲ್ಲೇ ಪ್ರಾರ್ಥಿಸುತ್ತೇವೆ. ಅದರಲ್ಲಿ ಏನೂ ಕಡಿಮೆಯಾಗಿಲ್ಲ. ಡ್ರಾಯರ್ ಮಾತ್ರ ಈಗ ಒಂದೇ. ಅಮೆರಿಕದ ಕ್ಯಾಸೆಟ್ಟುಗಳು ಸೂಟ್‌ಕೇಸಿನ ತಳದಲ್ಲಿವೆ, ಅದನ್ನು ಹಾಕಿ ಕೇಳಲು ಮನೆಯಲ್ಲಿ ಪ್ಲೇಯರ್ ಇಲ್ಲ. ಬಿಸಾಡಲು ಮನಸ್ಸಿಲ್ಲ, ಸೂಪಿನ ಋಣ ಇನ್ನೂ ಇದೆ.

ಆ ಹುಡುಗಿಗೆ ಈ ಪುಟದ ಮೂಲಕ ಉತ್ತರ ಹೇಳಿ ಮುಗಿಸುತ್ತೇವೆ. ಮಗಳೇ, ಅಂದು ಉತ್ತರ ತಪ್ಪಿಸಿದ್ದಕ್ಕೆ ಕ್ಷಮಿಸು. ಆ ಚಿಪ್ಪು ನೋಹನ ಕಾಲದ್ದಲ್ಲ. ಅದು 20 ಕೋಟಿ ವರ್ಷಗಳಿಗೂ ಹಿಂದಿನ ಒಂದು ಬೆಚ್ಚನೆಯ ಸಮುದ್ರದಲ್ಲಿ ಬದುಕಿತ್ತು, ಅಲ್ಲೇ ಸತ್ತು ಕೆಸರಿನಲ್ಲಿ ಕೂತಿತ್ತು, ಸಮುದ್ರದ ತಳ ನಿಧಾನವಾಗಿ ಬೆಟ್ಟವಾಯಿತು. ವಿಕಾಸವಾದವೂ ನಿಜ, ಅದು ನಾವು ದಿನವೂ ನೋಡುವ ಮಕ್ಕಳ ರಕ್ತದಲ್ಲೇ ಇದೆ. ಇದನ್ನು ಒಪ್ಪಲು ನೀನು ನಿನ್ನ ದೇವರನ್ನು ಬಿಡಬೇಕಾಗಿಲ್ಲ. ನಮ್ಮಪ್ಪ ನಮಗೆ ಓದು, ನಂಬಬೇಡ ಎಂದಿದ್ದರು. ಕೊನೆಗೆ ಅವರೇ ಮುಟ್ಟಿ ನೋಡಿ ನಂಬಿದರು. ನೀನೂ ಓದು, ಮುಟ್ಟಿ ನೋಡು. ಮುಂದಿನ ಪಿಕ್ನಿಕ್ಕಿಗೆ ಮತ್ತೆ ಅಲ್ಲಿಗೇ ಹೋಗೋಣ. ಊಟ ಆರಿದರೂ ಚಿಂತೆಯಿಲ್ಲ.